ನಲವತ್ತು ಕಿಲೋದ ಚೀಲ

"ನಲವತ್ತು ಕಿಲೋ ಅಂದ್ರ ಎಷ್ಟರಿ, ಬಾಯಾರ?"

ಖಾನಾಪುರದಲ್ಲಿ ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಶಿಬಿರ ಮುಗಿದಿತ್ತು. ಸಾಮಾನೆಲ್ಲ ಜೀಪಿಗೇರಿಸಿ ಬೆಳಗಾವಿಯ ದಾರಿ ಹಿಡಿಯುವ ಹೊತ್ತಿನಲ್ಲಿ ಈ ಪ್ರಶ್ನೆ ಬಂತು. ಕೇಳಿದವಳು ನನಗಿಂತ ಹಿರಿಯ ಹೆಂಗಸು, ಸರಕಾರಿ ಹೆಂಗಸೆಂದು ಮರ್ಯಾದೆಗೆ ನನ್ನನ್ನು ಬಾಯಾರ ಎಂದಿದ್ದಳು. ಕೈಯಲ್ಲಿ ತಕ್ಕಡಿ ಇಲ್ಲ, ಅಂಗಡಿಯವಳೂ ಅಲ್ಲ. ಬೆಳಗಿನಿಂದ ಒಂದು ಲೋಟ ಚಹಾ ಕೂಡ ಸರಿಯಾಗಿ ಕುಡಿಯದ ನನಗೆ ಸಿಟ್ಟು ಬಂತು. ನಲವತ್ತು ಅಂದರೆ ನಲವತ್ತು, ಅದರಲ್ಲಿ ಎಷ್ಟು ಅನ್ನೋದೇನು ಎಂದು ಜೀಪಿನ ಬಾಗಿಲು ತೆರೆದೆ. ಆಕೆ ಜಾಗ ಬಿಡಲಿಲ್ಲ.

ನಾನು ತೂಕ-ಅಳತೆಯ ಇನ್ಸ್‌ಪೆಕ್ಟರ್. ಸಂಶಯ ನನ್ನ ಕಸುಬು. ಖಾಸಬಾಗದ ಸಂತೆಯಲ್ಲಿ ಕೊತ್ತಂಬರಿ ಕೊಳ್ಳುವಾಗಲೂ ತಕ್ಕಡಿಯ ತಳ ನೋಡುತ್ತೇನೆಂದು ಮನೆಯವರು ನನ್ನ ಜೊತೆ ಸಂತೆಗೆ ಬರುವುದನ್ನೇ ಬಿಟ್ಟಿದ್ದಾರೆ. ಹಾಗಾಗಿ ಈ ಹೆಂಗಸು ಯಾವ ವ್ಯಾಪಾರಿಯ ಮೇಲೆ ಸಿಟ್ಟಿಗೆ ಬಂದಿದ್ದಾಳೆ, ಯಾರು ಕಳಿಸಿದ್ದಾರೆ ಎಂಬುದೇ ನನ್ನ ಮೊದಲ ಯೋಚನೆ. ಆಕೆ ಯಾರನ್ನೂ ದೂರಲಿಲ್ಲ. ದೂರಿದ್ದು ತನ್ನ ಸೊಂಟವನ್ನು.

ಗುಂಜಿಯ ಆಚೆ, ಕಾಡಿನ ಅಂಚಿನ ಹೊಲಗಳಲ್ಲಿ ಗೆಣಸು ಕೀಳುವ ಹೆಂಗಸರ ಗುಂಪಿನವಳು ಆಕೆ. ಕಿತ್ತು, ಮಣ್ಣು ಒರೆಸಿ, ಚೀಲ ತುಂಬಿ, ಬದುವಿನ ಮೇಲಿಟ್ಟ ವ್ಯಾಪಾರಿಯ ತೂಕದ ಯಂತ್ರದಲ್ಲಿ ನಲವತ್ತು ತೋರಿಸುವವರೆಗೆ ಭರ್ತಿ ಮಾಡಿ, ತಲೆಯ ಮೇಲೆ ಹೊತ್ತು ಟೆಂಪೋಗೆ ಹಾಕಬೇಕು. ಕೂಲಿ ಚೀಲದ ಲೆಕ್ಕದಲ್ಲಿ. ಇಬ್ಬರು ಎತ್ತಿ ಕೊಟ್ಟ ಚೀಲವನ್ನು ಹೊತ್ತು ನಡೆಯಲಾಗದವಳಿಗೆ ಗುಂಪಿನಲ್ಲಿ ಜಾಗವಿಲ್ಲ. ಅದು ಯಾರೋ ಹೇರಿದ ಕಾನೂನಲ್ಲ, ಅವರೇ ಮಾಡಿಕೊಂಡದ್ದು. ಒಬ್ಬಳು ಕುಂತರೆ ಉಳಿದವರ ಕೂಲಿಯೂ ಕುಂತಂತೆ. ಹೋದ ವರ್ಷ ಸಲೀಸಾಗಿ ಹೊತ್ತವಳಿಗೆ ಈ ಹಂಗಾಮಿನಲ್ಲಿ ಮೊಣಕಾಲು ಮಡಚುತ್ತಿದ್ದವು. ಸೋಮವಾರದಿಂದ ಬರಬೇಡ ಎಂದು ಗುಂಪಿನ ಯಜಮಾನಿ ಹೇಳಿಬಿಟ್ಟಿದ್ದಳು. ಈ ಯಜಮಾನಿಯನ್ನು ಎಲ್ಲರೂ ಮುಕಾದಮ್ ಎಂದೇ ಕರೆಯುತ್ತಾರೆ.

"ಚೀಲ ವಜ್ಜಿ ಆಗ್ಯಾವ್ರಿ. ಇಲ್ಲಾ, ನನ್ನ ಸೊಂಟ ಸೋತೈತಿ. ಎರಡರಾಗ ಒಂದ," ಎಂದಳು.

ಈ ಸಲ ಮಳೆ ಹಿಡಿದುಕೊಂಡಿದೆ, ಮಣ್ಣು ಹಸಿ, ಅದಕ್ಕೇ ಚೀಲ ಭಾರ ಎಂದು ನಾನು ಹೇಳಿದೆ. ಹೇಳುವಾಗ ದೊಡ್ಡ ಪಂಡಿತೆಯ ಧಾಟಿ ಇತ್ತು.

"ಮಣ್ಣ ಇರಲಿ, ಗೆಣಸ ಇರಲಿ, ಯಂತ್ರ ನಲವತ್ತ ತೋರಿಸಿದ ಮ್ಯಾಲ ನಲವತ್ತ ಅಲ್ಲೇನ್ರಿ?"

ಜೀಪು ಖಾನಾಪುರ ದಾಟಿದರೂ ಆ ಮಾತು ನನ್ನ ಜೊತೆಯಲ್ಲೇ ಕುಳಿತಿತ್ತು. ಹೌದಲ್ಲ, ಹಸಿ ಮಣ್ಣಿನ ನಲವತ್ತೂ ಒಣ ಮಣ್ಣಿನ ನಲವತ್ತೂ ಒಂದೇ.

ಬೆಳಗಾವಿಯಲ್ಲಿ ನಮ್ಮ ಸಾಹೇಬರಿಗೆ ವಿಷಯ ಹೇಳಿದೆ. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನಿಂದ ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆ ಕೊಡೆ ಹಿಡಿಯುವವರು. ಈಗಿನ ಗಾಳಿ ಗೊತ್ತೇ ಇದೆ. ವ್ಯಾಪಾರಿಗೆ ತೊಂದರೆ ಕೊಡಬೇಡಿ, ಬರಹದ ದೂರು ಇಲ್ಲದೆ ಯಾರ ಬಾಗಿಲಿಗೂ ಹೋಗಬೇಡಿ, ಮಾರುವವ ಕೊಳ್ಳುವವ ಇಬ್ಬರೂ ಜಾಣರು, ಅವರವರೇ ನೋಡಿಕೊಳ್ಳುತ್ತಾರೆ. ಇದರಲ್ಲಿ ಅರ್ಧ ನಾನೂ ಒಪ್ಪುತ್ತಿದ್ದೆ. ಸರಕಾರದ ಒಳಮನೆ ನೋಡಿದವಳು ನಾನು. ಇನ್ಸ್‌ಪೆಕ್ಟರ್ ಬಂದರೆಂದರೆ ಅಂಗಡಿಯವನ ಕೈ ತಕ್ಕಡಿಗಿಂತ ಮೊದಲು ಗಲ್ಲಾಪೆಟ್ಟಿಗೆಗೆ ಯಾಕೆ ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ.

ಯಂತ್ರ ಹೊರಜಿಲ್ಲೆಯಿಂದ ಬಂದಿದ್ದರೆ ಅದರ ಮುದ್ರೆ ಚಾಲ್ತಿಯಲ್ಲಿದೆಯೇ ಎಂದು ನೋಡುವುದಕ್ಕೆ ದೂರು ಬೇಕಿಲ್ಲ. ಅಷ್ಟು ನೆಪ ಸಾಕೆಂದು ಸಾಹೇಬರು ಒಪ್ಪಿದರು. ಮರುದಿನ ಜೀಪು, ಡ್ರೈವರ್, ಸಹಾಯಕ, ತೂಕದ ಕಲ್ಲುಗಳು. ಕಬ್ಬಿಣದ್ದಾದರೂ ನಾವು ಕಲ್ಲೆಂದೇ ಕರೆಯುವುದು.

ಹೊಲದ ಬದುವಿಗೆ ಹೋಗಿ ಇಳಿದರೆ ಚಹಾ ತಯಾರಿತ್ತು. ಥರ್ಮಾಸು, ಪಕ್ಕದಲ್ಲಿ ಮೂರು ಕಪ್ಪು. ನಾವೂ ಮೂರೇ ಜನ. ಅದನ್ನು ಕಂಡು ನನ್ನ ಮೈ ಉರಿಯಿತು. ಯಾರು ಹೇಳಿದರು ಇವರಿಗೆ ನಾವು ಮೂವರು ಬರುತ್ತೇವೆಂದು?

ಚಹಾ ಮುಟ್ಟದೆ ಕೆಲಸಕ್ಕಿಳಿದೆ. ಯಂತ್ರವನ್ನು ಸಮತಟ್ಟು ಹಲಗೆಯ ಮೇಲೆ ಇಡಿಸಿದೆ. ಖಾಲಿ ಇದ್ದಾಗ ಸೊನ್ನೆ ತೋರಿಸುತ್ತದೆಯೇ ನೋಡಿದೆ. ಇಪ್ಪತ್ತರ ಒಂದು ಕಲ್ಲನ್ನು ನಡುವೆ ಇಟ್ಟು, ಆಮೇಲೆ ನಾಲ್ಕೂ ಮೂಲೆಗೆ ಸರಿಸಿ ನೋಡಿದೆ, ಏಕೆಂದರೆ ಕೆಲವು ಯಂತ್ರಗಳು ನಡುವೆ ಸಾಚಾ, ಮೂಲೆಯಲ್ಲಿ ಕಳ್ಳ. ಕಲ್ಲು ಏರಿಸುತ್ತ ಹೋಗಿ, ಅದೇ ಕ್ರಮದಲ್ಲಿ ಇಳಿಸುತ್ತ ಬಂದೆ. ಒಂದು ಗ್ರಾಂ ಕೂಡ ಆಚೀಚೆ ಇಲ್ಲ. ತಂತಿ, ಸೀಸದ ಬಿಲ್ಲೆ, ಅದರ ಮೇಲೆ ಬೇರೆ ಜಿಲ್ಲೆಯ ನಮ್ಮವರ ಮುದ್ರೆ, ಎಲ್ಲ ಚಾಲ್ತಿಯಲ್ಲಿತ್ತು. ನನ್ನ ಸಹಾಯಕ ಆಕಳಿಸಿದ.

ವ್ಯಾಪಾರಿ ಅಲ್ಲಿಯೇ ಇದ್ದ. ಇನ್ನೂ ತರುಣ, ಇಸ್ತ್ರಿ ಮಾಡಿದ ಅಂಗಿ, ಮಾತು ಬೆಣ್ಣೆ. ಈ ಹಂಗಾಮಿನಿಂದ ಹೊಲಕ್ಕೇ ಬಂದು ಕೊಂಡು ಉತ್ತರದ ಊರುಗಳಿಗೆ ಉಪವಾಸದ ಹಬ್ಬಗಳಿಗಾಗಿ ಲಾರಿಗಟ್ಟಲೆ ಕಳಿಸುತ್ತಾನೆ. ಸರಕಾರಿ ಮಾರುಕಟ್ಟೆಯಲ್ಲಿ ಸಿಗುವುದಕ್ಕಿಂತ ಹೆಚ್ಚು ದರ ಕೊಡುತ್ತಾನೆಂದು ಊರೆಲ್ಲ ಹೊಗಳುತ್ತಿತ್ತು. ನಾನು ಕಲ್ಲು ಇಳಿಸುವಾಗ ಆತ ನಗುತ್ತಲೇ ಉಪನ್ಯಾಸ ಕೊಟ್ಟ.

"ಮೇಡಂ, ಸರಕಾರ ಬಾಜೂಕ ಸರದ್ರ ಸಾಕ್ರಿ, ಎಲ್ಲಾ ತಾನ ಸರಿ ಆಕ್ಕೈತಿ. ನಾ ಮೋಸ ಮಾಡಿದ್ರ ರೈತ ನಾಳೆ ಇನ್ನೊಬ್ಬಾವಗ ಕೊಡ್ತಾನ. ನನಗ ಇನ್ಸ್‌ಪೆಕ್ಟರ್ ಬ್ಯಾಡ, ನನ್ನ ಗಿರಾಕೀನ ನನಗ ಇನ್ಸ್‌ಪೆಕ್ಟರ್."

ಮಾತೇನೋ ಚೆನ್ನಾಗಿತ್ತು. ಹಾಗಾದರೆ ನಿನ್ನ ಯಂತ್ರಕ್ಕೆ ಸರಕಾರದ ಮುದ್ರೆ ಯಾಕಪ್ಪ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಪರೀಕ್ಷೆಯಲ್ಲಿ ಪಾಸಾದವನ ಎದುರು ಏನು ಕೇಳುವುದು?

ಜೀಪು ಹತ್ತುವ ಮುಂಚೆ ಹೊಲದ ಮಾಲೀಕ ರೈತನನ್ನು ಬದಿಗೆ ಕರೆದೆ. ಗಟ್ಟಿ ಆಳು, ನೇರ ಮಾತು. ಯಂತ್ರದ ಬಗ್ಗೆ ಸಂಶಯ ಇದೆಯೇ ಎಂದರೆ ಆತ ಆಚೀಚೆ ಕೂಡ ನೋಡಲಿಲ್ಲ.

"ಒಂದೀಟು ತಿಂತೈತಿ ಅಂತ ನನಗೂ ಗೊತ್ತೈತ್ರಿ. ತಿನ್ನಲಿ. ದರದಾಗ ಅದು ಕೂಡೇತಿ. ಪ್ಯಾಟ್ಯಾಗ ಮಣ್ಣಿನ ಸೂಟ ಅಂತ ಚೀಲಕ್ಕ ಇಷ್ಟು ತೂಕ ಕಣ್ಣ ಮುಂದ ಕಡೀತಾರ, ಇಲ್ಲಿ ಯಂತ್ರದೊಳಗ ಕಡೀತಾನ. ಆದ್ರೂ ನನಗ ಇದ ಲಾಭ. ನಮ್ಮ ನಮ್ಮ ವ್ಯವಹಾರದ ನಡುವ ನೀವ್ಯಾಕ ಬರ್ತೀರಿ?"

ನಾನು ತಬ್ಬಿಬ್ಬಾದೆ. ಮೋಸ ಹೋದವನೇ ಇದು ಮೋಸವಲ್ಲ, ಒಪ್ಪಂದ ಎನ್ನುತ್ತಿದ್ದಾನೆ. ಒಂದು ಕಡೆ ಯಂತ್ರ ಸಾಚಾ, ಇನ್ನೊಂದು ಕಡೆ ಕಳಕೊಂಡವನು ಸುಖಿ. ನನಗೆ ಅಲ್ಲಿ ಏನು ಕೆಲಸ? ಸಾಹೇಬರು ಹೇಳಿದ್ದೇ ಸರಿ ಎಂದುಕೊಂಡು ವಾಪಸು ಹೊರಟೆ.

ಖಾನಾಪುರದಲ್ಲಿ ಡ್ರೈವರ್ ಗಾಡಿಯ ಗಾಲಿಗೆ ಗಾಳಿ ಹಾಕಿಸಲು ನಿಂತ. ಬಸ್ ನಿಲ್ದಾಣದ ಬದಿಯ ಚಹಾದಂಗಡಿಯಲ್ಲಿ ಕುಳಿತಾಗ ರೈತನ ಮಾತನ್ನು ಮತ್ತೆ ಮತ್ತೆ ತಿರುವಿ ಹಾಕಿದೆ. ದರದಲ್ಲಿ ಕೂಡಿದೆ. ಯಾರ ದರದಲ್ಲಿ? ವ್ಯಾಪಾರಿ ತೂಕದಲ್ಲಿ ಕದ್ದು ದರದಲ್ಲಿ ಕೊಡುತ್ತಾನೆ, ರೈತ ತೂಕದಲ್ಲಿ ಬಿಟ್ಟು ದರದಲ್ಲಿ ಪಡೆಯುತ್ತಾನೆ, ಇಬ್ಬರ ಲೆಕ್ಕವೂ ಚುಕ್ತಾ. ಆದರೆ ಅದೇ ಯಂತ್ರದ ಮುಂದೆ ನಿಂತು ಚೀಲ ತುಂಬಿಸುವ ಹೆಂಗಸರಿಗೆ ಯಾವ ದರ ಹೆಚ್ಚಾಗಿದೆ? ಅವರ ಕೂಲಿ ಚೀಲಕ್ಕೆ ಇಷ್ಟು ಎಂದು ಹೋದ ವರ್ಷ ಇದ್ದಷ್ಟೇ. ಯಂತ್ರ ತಿನ್ನುವಷ್ಟನ್ನು ಅವರು ಪುಕ್ಕಟೆ ಕೀಳಬೇಕು, ಪುಕ್ಕಟೆ ತುಂಬಬೇಕು, ಪುಕ್ಕಟೆ ಹೊರಬೇಕು. ಜಾಣರಿಬ್ಬರು ಒಪ್ಪಂದ ಮಾಡಿಕೊಂಡರು, ಹೊರುವವಳನ್ನು ಯಾರೂ ಕೇಳಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಆ ಹೊತ್ತಿಗೆ ನಾನು ಮನಸ್ಸು ಮಾಡಿದೆ. ದೂರು ಬೇಕೆಂದರೆ ಅದು ಶಿಬಿರದ ದಿನ ನನ್ನನ್ನು ತಡೆದು ಕೇಳಿದ ಆ ಹಿರಿಯಾಕೆಯಿಂದಲೇ ಬರಬೇಕು. ಅಲ್ಲೇ ಊರಲ್ಲಿ ವಿಚಾರಿಸಿ ಆಕೆಯ ಮನೆಗೆ ಹೋದೆ. ನಾನು ಬರೆದುಕೊಟ್ಟದ್ದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ಎರಡು ಸಲ ಅರ್ಥ ಕೇಳಿ, ಸಹಿ ಹಾಕಿದಳು. ಸರಕಾರದವರ ಕಾಗದಕ್ಕೆ ಸಹಿ ಹಾಕಿದರೆ ಮನೆ ಹೋಗುತ್ತದೋ ಎಂಬ ಭಯ ಆಕೆಯ ಮುಖದಲ್ಲಿ ಕಾಣುತ್ತಿತ್ತು. ತಪ್ಪಲ್ಲ, ನಾನಾಗಿದ್ದರೂ ಹೆದರುತ್ತಿದ್ದೆ.

ಸಾಹೇಬರು ಕಾಗದ ನೋಡಿ ಕನ್ನಡಕ ತೆಗೆದರು. ಇವಳು ಮಾರುವವಳಲ್ಲ, ಕೊಳ್ಳುವವಳೂ ಅಲ್ಲ, ಇವಳಿಗೆ ಆ ತಕ್ಕಡಿಯ ಸಂಬಂಧವೇನು ಎಂದರು. ಇವಳ ಬೆವರನ್ನು ಆ ತಕ್ಕಡಿಯಲ್ಲೇ ತೂಗುತ್ತಾರೆ ಸಾರ್, ಅದೇ ಸಂಬಂಧ ಎಂದೆ. ಸುಮ್ಮನೆ ಹೇಳಿದ್ದು, ಆದರೆ ಧ್ವನಿ ಜೋರಾಗಿತ್ತು. ಅವರು ಕನ್ನಡಕ ಮತ್ತೆ ಹಾಕಿಕೊಂಡು ಸಹಿ ಮಾಡಿದರು. ಯಾವಾಗ ಹೋಗುತ್ತೀರಿ ಎಂದು ಕೇಳಿದರು. ಇನ್ನೂ ನಿರ್ಧರಿಸಿಲ್ಲ ಎಂದು ಸುಳ್ಳು ಹೇಳಿದೆ. ಮೂರು ಕಪ್ಪಿನ ಚಹಾ ಇನ್ನೂ ಕಣ್ಣ ಮುಂದಿತ್ತು. ಸುದ್ದಿ ಮುಟ್ಟಿಸಿದ್ದು ಸಾಹೇಬರೋ, ಸಹಾಯಕನೋ, ಡ್ರೈವರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ಮಾತ್ರ ಎಲ್ಲರೂ ಕಳ್ಳರಾಗಿಯೇ ಕಂಡರು.

ನನ್ನ ಕಲ್ಲಿಗೆ ಸರಿ ತೋರಿಸಿದ ಯಂತ್ರ ರೈತನ ಚೀಲವನ್ನು ತಿನ್ನುತ್ತದೆಂದರೆ, ಅದು ನನ್ನ ಕಲ್ಲಿನ ಗುರುತು ಹಿಡಿಯುತ್ತದೆ ಎಂಬುದು ಖಾತ್ರಿಯಾಗಿತ್ತು. ಹಾಗಾದರೆ ಅದಕ್ಕೆ ಕಲ್ಲು ಕಾಣಬಾರದು, ಚೀಲ ಕಾಣಬೇಕು. ಖಾಸಬಾಗದ ಸಂತೆಯಲ್ಲಿ ಗೆಣಸು ಕೊಂಡೆ. ಕಚೇರಿಯ ಉಗ್ರಾಣದಲ್ಲಿ ಯಾರೂ ಮುಟ್ಟದ ಹಳೆಯ ದೊಡ್ಡ ದಂಡಿಗೆಯ ತಕ್ಕಡಿ ಇತ್ತು. ಅದನ್ನೂ ಇಪ್ಪತ್ತರ ಎರಡು ಕಲ್ಲನ್ನೂ ರಿಪೇರಿಯ ನೆಪ ಹೇಳಿ ಮನೆಗೆ ತಂದೆ. ಪಡಸಾಲೆಯ ತೊಲೆಗೆ ನೇತು ಹಾಕಿ, ಮುಳ್ಳು ನಡುವೆ ನಿಲ್ಲುತ್ತದೆಯೇ ನೋಡಿ, ಎರಡು ಕಡೆಯ ತಟ್ಟೆ, ಅಂದರೆ ಪರಡಿ, ಅದಲುಬದಲು ಮಾಡಿ ಮತ್ತೆ ನೋಡಿ, ಒಂದು ಕಡೆ ಕಲ್ಲು ಇನ್ನೊಂದು ಕಡೆ ಗೆಣಸಿನ ಚೀಲ ಇಟ್ಟೆ. ಅಲ್ಲಿ ಚೀಲ ಸೇರಿಸಿಯೇ ತೂಗುತ್ತಾರೆ, ನಾನೂ ಹಾಗೇ ಮಾಡಿದೆ. ಕೊನೆಗೆ ಒಂದು ಗೆಣಸನ್ನು ಅರ್ಧ ಕತ್ತರಿಸಿ ಹಾಕಿದಾಗ ಮುಳ್ಳು ನಿಂತಿತು. ಉಳಿದರ್ಧ ಸಾರಿಗೆ ಹಾಕಲೇ ಎಂದು ಮನೆಯವರು ಕೇಳಿದರು. ನನಗೆ ನಗು ಬರಲಿಲ್ಲ.

ಮುಕಾದಮ್‌ಳನ್ನು ಒಪ್ಪಿಸುವುದು ಕಷ್ಟವಾಯಿತು. ಹೊಲಕ್ಕೆ ಹೊರಡುವ ಹಿಂದಿನ ಸಂಜೆ ಖಾನಾಪುರದಲ್ಲಿ ಭೇಟಿಯಾದಾಗ ಆಕೆ ಕೈಮುಗಿದು ನಮ್ಮನ್ನು ಬಿಟ್ಟುಬಿಡ್ರಿ ಎಂದಳು. ವ್ಯಾಪಾರಿ ಮುನಿಸಿಕೊಂಡು ಹೋದರೆ ಹಂಗಾಮೇ ಹೋದಂತೆ, ಇಷ್ಟು ಮಂದಿಯ ಹೊಟ್ಟೆ ಯಾರು ನೋಡುತ್ತಾರೆ? ನಾನು ತರುವ ಒಂದೇ ಒಂದು ಚೀಲವನ್ನು ನಿಮ್ಮ ಚೀಲಗಳ ಜೊತೆ ತೂಗಿಸಿ ಎಂದೆ. ಕೊನೆಗೆ ಆಕೆ ಒಂದು ಶರತ್ತು ಹಾಕಿದಳು. ಚೀಲವನ್ನು ಆ ಹಿರಿಯಾಕೆಯೇ ಹೊರಬೇಕು. ಹಿಡಿದರೆ ಅವಳನ್ನು ಹಿಡಿಯಲಿ, ಹೇಗೂ ಅವಳು ಗುಂಪಿನಲ್ಲಿಲ್ಲ.

ಬೆಳಿಗ್ಗೆ ಜೀಪು ಬಿಟ್ಟು ನೆರೆಮನೆಯವರ ಟೆಂಪೋದಲ್ಲಿ ಹೊರಟೆ. ತಕ್ಕಡಿ, ಕಲ್ಲು, ಚೀಲ ಅದರಲ್ಲೇ. ಖಾನಾಪುರದಲ್ಲಿ ಚೀಲವನ್ನು ಗುಂಪಿನ ಗಾಡಿಗೆ ಏರಿಸಿ, ಹಳೇ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ನಾನೂ ಅವರ ನಡುವೆ ಕುಳಿತೆ. ನಮ್ಮ ಟೆಂಪೋ ಗುಂಜಿ ಸ್ಟೇಷನ್ನಿನ ಹತ್ತಿರ ನಿಂತು ನನ್ನ ಫೋನಿಗೆ ಕಾಯುವುದು ಎಂದಾಗಿತ್ತು.

ಹೊಲದ ಮೇಲ್ತುದಿಯಲ್ಲಿ ಗಾಡಿ ಇಳಿದೆವು. ಯಂತ್ರ ಕೆಳಗಿನ ಬದುವಿನಲ್ಲಿತ್ತು, ನಡುವೆ ಗೇರುಗಿಡಗಳ ಮರೆ. ಇಬ್ಬರು ನನ್ನ ಚೀಲವನ್ನು ಎತ್ತಿ ಹಿರಿಯಾಕೆಯ ತಲೆಗೆ ಕೊಟ್ಟರು. ಆಕೆ ಹತ್ತು ಹೆಜ್ಜೆ ನಡೆದಳು. ನಿಂತಳು. ತಾನೇ ಬಗ್ಗಿ ಚೀಲವನ್ನು ದೊಪ್ಪೆಂದು ಕೆಳಗೆ ಹಾಕಿ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಬೆಂಕಿ.

"ಇದ್ರಾಗ ನಲವತ್ತ ಇಲ್ರಿ. ಬಾಯಾರ, ನೀವೂ ಮೋಸ ಮಾಡಾಕತ್ತೀರೇನು?"

ಮುಕಾದಮ್ ಎತ್ತಿ ನೋಡಿದಳು. ಇನ್ನಿಬ್ಬರು ಎತ್ತಿದರು. ಎಲ್ಲರದೂ ಒಂದೇ ತೀರ್ಪು: ಇದು ನಲವತ್ತಲ್ಲ, ಕಮ್ಮಿ. ಇಷ್ಟು ಹಗುರ ಚೀಲ ತಂದು, ಯಂತ್ರ ಕಮ್ಮಿ ತೋರಿಸಿತು ಎಂದು ಯಾರದೋ ಕುತ್ತಿಗೆಗೆ ತರಲು ಬಂದಿದ್ದೀರಿ ಎಂದು ಮುಕಾದಮ್ ನೇರವಾಗಿ ಅಂದಳು. ಸರಕಾರದವರ ಆಟ ನಮಗೆ ಗೊತ್ತಿಲ್ಲವೇ ಎಂದಳು. ಲಂಚ ಸಿಗದ ಸಿಟ್ಟಿರಬೇಕು ಎಂದು ಹಿಂದಿನಿಂದ ಒಬ್ಬಳು ಮರಾಠಿಯಲ್ಲಿ ಗೊಣಗಿದಳು.

ದಾರಿಯಲ್ಲಿ ಯಾರಾದರೂ ಚೀಲ ಬಿಚ್ಚಿದರೇ? ಉಗ್ರಾಣದ ಕಲ್ಲುಗಳೇ ಸವೆದಿದ್ದವೇ? ಜಗತ್ತನ್ನೆಲ್ಲ ಸಂಶಯಿಸುವವಳು ಅವತ್ತು ನನ್ನ ಕಲ್ಲನ್ನೇ ಸಂಶಯಿಸಿದೆ. ಹೊಲಿಗೆ ನೋಡಿದೆ, ನಾನೇ ಹಾಕಿದ ಹೊಲಿಗೆ, ಬಿಚ್ಚಿಲ್ಲ. ಕಲ್ಲಿಗೆ ಈ ವರ್ಷದ ಪರೀಕ್ಷೆಯಾಗಿದೆ. ಹಾಗಾದರೆ ಇವರಿಗೆ ಯಾಕೆ ಹಗುರ? ಉತ್ತರ ಹೊಳೆದಾಗ ನನಗೆ ಖುಷಿಯಾಗಲಿಲ್ಲ. ನಲವತ್ತೆಂದು ದಿನವೂ ಅದಕ್ಕಿಂತ ಹೆಚ್ಚು ಹೊತ್ತು, ಇವರ ಮೈಗೆ ಸುಳ್ಳು ನಲವತ್ತೇ ನಲವತ್ತಾಗಿ ಹೋಗಿದೆ.

ಒಂದೇ ಸಲ, ಒಂದೇ ಸಲ ಯಂತ್ರದ ಮೇಲೆ ಇಡ್ರಿ, ಆಮೇಲೆ ಏನು ಬೇಕಾದರೂ ಅನ್ರಿ ಎಂದು ಬೇಡಿಕೊಂಡೆ. ಹಿರಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಚೀಲ ಹೊತ್ತಳು. ನಂಬಿಕೆಯಿಂದಲ್ಲ. ನನ್ನ ಸುಳ್ಳು ಬಯಲಾಗಲಿ ಎಂದೇ ಹೊತ್ತಳೆಂದು ನಾನು ತಿಳಿದಿದ್ದೇನೆ.

ಯಂತ್ರದ ಮುಂದೆ ವ್ಯಾಪಾರಿಯ ಆಳು ಸ್ಟೂಲಿನ ಮೇಲೆ ಕುಳಿತಿದ್ದ. ಚೀಲ ಇಟ್ಟ ಕೂಡಲೆ ಕೆಂಪು ಅಂಕಿ ಓಡಿ ನಿಂತಿತು: ಮೂವತ್ತಾರು ಮತ್ತು ಚಿಲ್ಲರೆ. ಆತ ತಲೆ ಎತ್ತದೆ ಕಮ್ಮಿ ಐತಿ, ಇನ್ನೊಂದಿಷ್ಟು ತುಂಬು ಎಂದ. ನಾನು ಟವೆಲ್ ತೆಗೆದು ಗುರುತಿನ ಚೀಟಿ ಹಿಡಿದೆ. ಆತನ ಕೈ ಅಂಗಿಯ ಕಿಸೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ. ಆ ಕೈಯನ್ನು ನಾನೂ ಮುಕಾದಮ್‌ಳೂ ಒಟ್ಟಿಗೇ ಹಿಡಿದೆವು. ಆಕೆ ಯಾಕೆ ಹಿಡಿದಳೋ, ಬಹುಶಃ ಕೈ ತಾನೇ ಹೋಯಿತು.

ಕಿಸೆಯಲ್ಲಿದ್ದದ್ದು ಸ್ಕೂಟರಿನ ಕೀಲಿಯಂಥ ಸಣ್ಣ ರಿಮೋಟು. ಒತ್ತಿದರೆ ಅದೇ ಚೀಲ ನಲವತ್ತು. ಮತ್ತೆ ಒತ್ತಿದರೆ ಮೂವತ್ತಾರು. ಯಂತ್ರವನ್ನು ತಿರುವಿ ನೋಡಿದೆ. ಮುದ್ರೆಯ ತಂತಿ ತಳದ ಮುಚ್ಚಳದ ಎರಡು ತೂತಿನಲ್ಲೂ ಹಾಯಬೇಕು, ಒಂದರಲ್ಲಿ ಮಾತ್ರ ಹಾಯ್ದಿತ್ತು. ಸೀಸ ಒಡೆಯದೆಯೇ ಮುಚ್ಚಳ ಬಾಗಿಲಿನಂತೆ ತೆರೆಯಿತು, ರಿಮೋಟಿನ ಮಾತು ಕೇಳುವ ಸಾಮಾನನ್ನು ಒಳಗೆ ಸೇರಿಸಿದ್ದು ಅಲ್ಲಿಂದಲೇ. ಮೊದಲ ಸಲ ಬಂದಾಗ ತಂತಿ ಇದೆಯೇ ಎಂದಷ್ಟೇ ನೋಡಿದ್ದೆ. ತಂತಿ ಪೋಣಿಸಿದವ ಮರೆತನೋ, ಮರೆಯಲಿಕ್ಕೆ ಯಾರಾದರೂ ಏನಾದರೂ ಕೊಟ್ಟರೋ, ಆ ಪ್ರಶ್ನೆ ಬರೆದು ಮೇಲಕ್ಕೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ವ್ಯಾಪಾರಿ ಸ್ವಲ್ಪ ಹೊತ್ತಿನಲ್ಲೇ ಕಾರಿನಲ್ಲಿ ಬಂದ. ಎಲ್ಲ ಆಳಿನ ಕೈವಾಡ, ನನಗೇನೂ ಗೊತ್ತಿಲ್ಲ ಎಂದ. ನಂಬಲಿಲ್ಲ. ಸುಳ್ಳೆಂದು ತೋರಿಸುವ ಸಾಕ್ಷಿಯೂ ನನ್ನಲ್ಲಿರಲಿಲ್ಲ. ಯಂತ್ರ ಜಪ್ತಿ ಮಾಡಿ ಪಂಚನಾಮೆ ಬರೆಯತೊಡಗಿದೆ. ಆತ ತನ್ನ ಲಾರಿಗೆ ಫೋನು ಮಾಡಿ ಈ ಊರಿನ ಕಡೆ ಬರುವುದೇ ಬೇಡ ಎಂದ. ಹೋಗುವಾಗ ಹೆಂಗಸರಿಗೆ ಕೇಳುವಂತೆ, ಸರಕಾರ ಬಂತು, ಕೆಲಸ ಹೋತು, ನೋಡ್ಕೋರಿ ಎಂದು ಹೇಳಿ ಕಾರು ಹತ್ತಿದ.

ಆ ಮಾತು ಸುಳ್ಳಲ್ಲ ಎಂಬುದೇ ನನ್ನನ್ನು ಚುಚ್ಚಿತು. ಕಿತ್ತ ಗೆಣಸು ಹೊಲದ ತುಂಬ ರಾಶಿ ಬಿದ್ದಿತ್ತು. ಪಡುವಣ ಕಡೆ ಮೋಡ ಕಪ್ಪಾಗುತ್ತಿತ್ತು. ನೆನೆದ ರಾಶಿ ಕೊಳೆಯಲು ಬಹಳ ದಿನ ಬೇಕಿಲ್ಲ. ರೈತ ಬಾಯಿಗೆ ಬಂದಂತೆ ಬೈದ. ಎಲ್ಲರೂ ಸುಖವಾಗಿದ್ದೆವು, ಬೆಂಕಿ ಹಚ್ಚಿದಿರಿ ಎಂದ. ಎಲ್ಲರೂ ಎಂದರೆ ಯಾರ್ಯಾರು ಎಂದು ಕೇಳಿದೆ. ಆತ ಹೆಂಗಸರ ಕಡೆ ನೋಡಿ ಮಾತು ನಿಲ್ಲಿಸಿದ. ಪಂಚನಾಮೆಗೆ ಮಾತ್ರ ಸಹಿ ಹಾಕಲಿಲ್ಲ. ಮುಕಾದಮ್ ಹಾಕಿದಳು, ಹಾಕಿ, ಇವತ್ತಿನ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದಳು.

ನಿಯಮದ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಸುಳ್ಳು ತಕ್ಕಡಿ ಎತ್ತಿಕೊಂಡು ಹೋಗುವುದು ನನ್ನ ಕೆಲಸ, ಖರೇ ತಕ್ಕಡಿ ತಂದಿಡುವುದಲ್ಲ. ಇಷ್ಟು ವರ್ಷ ಹಾಗೇ ಮಾಡಿದ್ದೆ. ಅವತ್ತು ಆಗಲಿಲ್ಲ. ಗುಂಜಿಗೆ ಫೋನು ಮಾಡಿ ಟೆಂಪೋ ಕರೆಸಿದೆ. ಗೇರುಮರದ ಕೊಂಬೆಗೆ ದಂಡಿಗೆ ಕಟ್ಟಿ, ಎರಡು ಕಲ್ಲು ಒಂದು ಪರಡಿಯಲ್ಲಿಟ್ಟು, ತುಂಬ್ರಿ ಎಂದೆ. ಬೆಳಗಾವಿಯ ಸರಕಾರಿ ಮಾರುಕಟ್ಟೆಗೆ ಇದೇ ಟೆಂಪೋದಲ್ಲಿ ಕಳಿಸು, ಕೂಲಿ ಈ ಚೀಲದ ಲೆಕ್ಕದಲ್ಲಿ ಕೊಡು ಎಂದು ರೈತನಿಗೆ ಹೇಳಿದೆ. ಆತ ಮೋಡ ನೋಡಿದ, ರಾಶಿ ನೋಡಿದ, ಗೊಣಗುತ್ತಲೇ ಒಪ್ಪಿದ. ಅಷ್ಟರಲ್ಲಿ ಸಾಹೇಬರ ಫೋನು ಬಂತು. ಇಲಾಖೆಯ ಕಲ್ಲಿನಲ್ಲಿ ಖಾಸಗಿಯವರ ಮಾಲು ತೂಗುತ್ತಿದ್ದೀರಂತೆ, ನಿಜವೇ ಎಂದು ಕೇಳಿದರು. ಇಷ್ಟು ಬೇಗ ಇವರಿಗೆ ಯಾರು ಹೇಳಿದರು ಎಂದು ಮತ್ತೆ ಸಂಶಯ ಎದ್ದಿತು. ನಿಜ ಸಾರ್ ಎಂದು ಫೋನು ಬಂದ್ ಮಾಡಿದೆ.

ಮೊದಲ ಚೀಲಕ್ಕೆ ಮುಳ್ಳು ನಿಂತಾಗ ಒಬ್ಬಳು ಎತ್ತಿ, ಅಯ್ಯ, ಇಷ್ಟ? ಎಂದು ನಕ್ಕಳು. ಎರಡನೆಯವಳೂ ನಕ್ಕಳು. ಮುಕಾದಮ್ ನಗಲಿಲ್ಲ. ಆಕೆ ಕಲ್ಲಿನ ತಳ ತಿರುವಿ ಮುದ್ರೆ ನೋಡಿದಳು. ಆಮೇಲೆ ಜಪ್ತಿ ಮಾಡಿದ ಯಂತ್ರದ ಬಳಿ ಹೋಗಿ ಅದರ ಮುದ್ರೆ ನೋಡಿದಳು.

"ಇದಕ್ಕೂ ಮುದ್ರಿ ಐತಿ, ಅದಕ್ಕೂ ಮುದ್ರಿ ಐತಿ. ಮುದ್ರಿನ ಇರದಿದ್ರ ನಾವೂ ಒಂದ ಕಲ್ಲ ಇಟಗೊಂಡು ಜಗಳಾಡ್ತಿದ್ವಿ, ಬಾಯಾರ. ಸರಕಾರದ್ದು ಐತಿ ಅಂತ ಸುಮ್ಮ ಕುಂತ್ವಿ," ಎಂದಳು.

ವ್ಯಾಪಾರಿ ಸರಕಾರ ದೂರ ಸರಿಯಲಿ ಎಂದಿದ್ದ. ಸರಕಾರ ದೂರ ಎಲ್ಲಿತ್ತು? ಅವನ ಯಂತ್ರಕ್ಕೇ ಅಂಟಿಕೊಂಡಿತ್ತು, ಸೀಸದ ಬಿಲ್ಲೆಯಾಗಿ. ಇದನ್ನು ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಆಗ ಹಿರಿಯಾಕೆ ಮುಂದೆ ಬಂದಳು. ಯಾರ ಕೈಯನ್ನೂ ಕೇಳದೆ ಚೀಲವನ್ನು ಮೊದಲು ತೊಡೆಗೆ, ತೊಡೆಯಿಂದ ಹೆಗಲಿಗೆ, ಹೆಗಲಿನಿಂದ ತಲೆಗೆ ತಾನೇ ಏರಿಸಿಕೊಂಡು ಟೆಂಪೋವರೆಗೆ ನಡೆದು ಹಾಕಿ ಬಂದಳು. ಎಲ್ಲರೂ ನೋಡುತ್ತಿದ್ದರು. ಮುಕಾದಮ್ ಸೆರಗಿನಿಂದ ಮುಖ ಒರೆಸಿಕೊಂಡು, ನಾಳಿಂದ ಬಾರವಾ ಎಂದಳು. ಹಿರಿಯಾಕೆ ನನ್ನ ಎದುರು ಬಂದು ನಿಂತಳು.

"ನಾ ಬೆಳಗಾಂವಿ ದವಾಖಾನಿಗೆ ಹೋಗಿದ್ನಿರಿ. ಬೆನ್ನಿಂದು ಎಕ್ಸರೇ ಫೋಟೋ ತಗಿಸಿದ್ನಿ. ಡಾಕ್ಟರು ಏನೂ ಆಗಿಲ್ಲ, ಗಟ್ಟಿ ಅದೀ ಅಂದ್ರು. ನಾ ನಂಬಲಿಲ್ಲ. ಮುದ್ರಿ ಇದ್ದ ಯಂತ್ರ ಸುಳ್ಳ ಹೇಳ್ತೈತೇನು, ಡಾಕ್ಟರ ಸುಳ್ಳ ಹೇಳ್ಯಾರ ಅಂದ್ಕೊಂಡ್ನಿ. ನನಗ ಏನೋ ದೊಡ್ಡ ಬ್ಯಾನಿ ಐತಿ, ಮಂದಿ ಮುಚ್ಚಿಡಾಕತ್ತಾರ ಅಂತ ಮಗಳಿಗಿ ಎಲ್ಲಾ ಹೇಳಿ ಇಟ್ಟೀನ್ರಿ. ಸತ್ತ ಮ್ಯಾಲ ಏನೇನ ಮಾಡಬೇಕಂತ."

ಜಪ್ತಿ ಮಾಡಿದ ಯಂತ್ರದ ಕಡೆ ಕೈ ತೋರಿಸಿ ಕೇಳಿದಳು.

"ಯಾರ್ದರಿ ಅದು ಮುದ್ರಿ?"

ಬೇರೆ ಜಿಲ್ಲೆಯದು, ನಾನು ಹಾಕಿದ್ದಲ್ಲ, ನಮ್ಮ ಕಚೇರಿಯದೂ ಅಲ್ಲ. ಇದೆಲ್ಲ ನಿಜ. ನಾಲಿಗೆಯ ತುದಿಗೆ ಬಂದೂ ಇತ್ತು.

"ನಮ್ದು," ಎಂದೆ.

ಆಕೆ ತಿರುಗಿ, ತಕ್ಕಡಿಯ ಮುಳ್ಳಿಗೆ ಕಣ್ಣು ಹಚ್ಚಿ ಕುಳಿತಳು. ಸಂಜೆಯವರೆಗೂ ಒಂದು ಚೀಲವನ್ನೂ ತಾನು ನೋಡದೆ ಬಿಡಲಿಲ್ಲ. ನನಗೆ ತೂಗಲು ಬಿಡಲೂ ಇಲ್ಲ.